ದಾರುಮನಿಗೆ ಮುಂಗಡ

ದಿನಕ್ಕೊಂದು ಪರೋಪಕಾರ ಮಾಡದಿದ್ದರೆ ತೊಮೆಯಜ್ಜಿಗೆ ಉಂಡದ್ದು ಅರಗುತ್ತಿರಲಿಲ್ಲ. ಜಪಾನಿನ ತಕಾಸಾಕಿಯಲ್ಲಿ ಮರದ ಹಾವುಗೆ ಮಾಡಿ ಮಾರುವ ಇಸಾಕು ಅವತ್ತು ಬೆಳಿಗ್ಗೆ ನೀರು ತಂದು ಅಂಗಡಿಯೊಳಗೆ ಕಾಲಿಡುತ್ತಾನೆ, ಪಕ್ಕದ ಮನೆಯ ಈ ಅಜ್ಜಿಯ ಕೈಯಲ್ಲಿ ಕುಂಚ! ಗೂಡಿನಲ್ಲಿದ್ದ ಕೆಂಪು ದಾರುಮ ಬೊಂಬೆ ಎರಡೂ ಕಣ್ಣು ಬಿಟ್ಟು ಕೂತಿದೆ.

ಈ ಬೊಂಬೆಗೆ ಹರಕೆ ಹೊತ್ತಾಗ ಒಂದು ಕಣ್ಣು ಬರೆಯಬೇಕು, ಫಲಿಸಿದ ಮೇಲೆ ಇನ್ನೊಂದು. ಇಸಾಕುವಿನ ಹರಕೆ ಎದುರಿನ ತೋಫು ಅಂಗಡಿಯ ಫುಸಾ. ಅವಳೆದುರು ಬಾಯಿ ಬಾರದೆ, ವರ್ಷವಿಡೀ ಒಂಟಿಕಣ್ಣಿನ ಬೊಂಬೆಯ ಜೊತೆಗೇ ಹಂಬಲ ಹೇಳಿಕೊಂಡಿದ್ದ.

"ಏನಜ್ಜೀ ಮಾಡ್ಬಿಟ್ಟೆ!"

"ಒಂದು ವರ್ಷ ಸುಮ್ನೆ ಕೂತಿದ್ದಾನಲ್ಲೋ ಸೋಮಾರಿ! ಇನ್ನೊಂದು ಕಣ್ಣು ಬರೆದು ದಾರುಮನಿಗೆ ಕೂಲಿ ಮುಂಗಡ ಕೊಟ್ಟೆ. ಇನ್ನು ನಾಚಿಕೆಗಾದ್ರೂ ಕೆಲಸ ಮಾಡ್ತಾನೆ."

ಒರೆಸಹೋದರೆ ಶಾಯಿ ಹರಡಿ, ದಾರುಮ ಜಗಳದಲ್ಲಿ ಗುದ್ದು ತಿಂದವನಂತಾದ. ಅಷ್ಟರಲ್ಲಿ ಬೀದಿಯ ಸಾರ್ವಜನಿಕ ಸ್ನಾನದ ಮನೆ ನಡೆಸುವ ಗೊನ್ರೋಕು ಇಣುಕಿದ.

"ಓಹೋ, ಎರಡೂ ಕಣ್ಣು! ಹೆಣ್ಣು ಒಪ್ಪಿತೇನೋ?"

"ಇಲ್ಲಣ್ಣಾ, ಅದು..."

"ನಾಚ್ಕೋಬೇಡ್ವೋ! ಯಾವೂರು?"

ಅಲ್ಲವೆಂದರೆ ಹರಕೆ ಏನೆಂದು ಹೇಳಬೇಕಾಗುತ್ತಿತ್ತು. ಇಸಾಕು ಬೆಪ್ಪನಂತೆ ನಕ್ಕ. ಮಧ್ಯಾಹ್ನದೊಳಗೆ ಬೀದಿಯವರೆಲ್ಲ ಶುಭಕ್ಕೆಂದು ಕೆಂಪು ಕಾಳಿನ ಅನ್ನ ತಂದಿಟ್ಟರು. ಹುಡುಗಿ ಮಾಯೆಬಾಶಿಯವಳು, ಮೂಗು ಕೊಂಚ ಮೊಂಡು ಎಂದೂ ತೀರ್ಮಾನವಾಯಿತು.

ಇನ್ನು ಸುಮ್ಮನಿದ್ದರೆ ಕೆಟ್ಟೆ ಎಂದು ಇಸಾಕು ಮುಖ ತೊಳೆದು ಹೊರಟ. ಬಾಗಿಲಲ್ಲಿ ಫುಸಾಳೇ ನಿಂತಿದ್ದಳು.

"ಒಳ್ಳೇದಾಯ್ತು ಇಸಾಕು ಅವರೇ. ನಿಮ್ಮ ದಾರುಮ ಪುಣ್ಯವಂತ."

"ಫುಸಾ ಅವರೇ, ಅದು ಅಜ್ಜಿ ಬರೆದದ್ದು. ನನ್ನ ಹರಕೆ... ನೀವೇ!"

ಫುಸಾ ಬೊಂಬೆಯತ್ತ ತಿರುಗಿದಳು.

"ನನ್ನ ಹತ್ರಾನೂ ಒಂದು ಒಂಟಿಕಣ್ಣಿನದು ಇತ್ತು. ನಿಮ್ಮ ಹೆಸರಲ್ಲೇ. ಬೆಳಿಗ್ಗೆ ಸುದ್ದಿ ಕೇಳಿ, ದೇವಸ್ಥಾನದಲ್ಲಿ ಸುಡೋಕೆ ಕೊಟ್ಟುಬಂದೆ. ಅಪ್ಪ ನೋಡಿದ್ದ ಗಂಡಿಗೂ ಹೂಂ ಅಂದೆ. ಎರಡೂ ಮನೆಯವರು ಸಾಕೆ ಮದ್ಯ ಕುಡಿದು ಮದುವೆ ಮಾತು ಮುಗಿಸಿಬಿಟ್ರು."

ಇಸಾಕು ಬೊಂಬೆಯ ಮುಖವನ್ನು ಗೋಡೆಗೆ ತಿರುಗಿಸಿಟ್ಟ.

"ಮದುವೆಗೆ ಒಂದು ಜೊತೆ ಹಾವುಗೆ ಬೇಕಿತ್ತು," ಎಂದಳು, ತಲೆ ತಗ್ಗಿಸಿ. "ಅಳತೆ ತಗೋತೀರಾ?"

ಅವನು ಅಳತೆ ತೆಗೆಯಲಿಲ್ಲ. ಕಪಾಟಿನ ಒಳಗಿಂದ ಕೆಂಪು ಪಟ್ಟಿಯ ಹಾವುಗೆ ತೆಗೆದು ಅವಳ ಮುಂದಿಟ್ಟ. ಕಳೆದ ವಸಂತದಲ್ಲೇ ಮಾಡಿಟ್ಟದ್ದು. ಅವಳ ಪಾದಕ್ಕೆ ಸರಿಯಾಗಿ ಕೂತಿತು.

ಗೋಡೆಯಾಚೆಯಿಂದ ತೊಮೆಯಜ್ಜಿ ಕತ್ತು ಚಾಚಿದಳು. ಹೊಸ ಹಾವುಗೆ ತೊಟ್ಟು ನಿಂತ ಫುಸಾ, ಕಣ್ಣು ತುಂಬಿಕೊಂಡ ಇಸಾಕು. ಅಜ್ಜಿ ಹಿಗ್ಗಿಹೋದಳು.

"ನೋಡಿದ್ಯೇನೋ! ಮುಂಗಡ ಕೊಟ್ಟ ದಿನವೇ ಕೆಲಸ ಮುಗಿಸಿದ!"