ನಮ್ಮ ನೆಗೆಣ್ಣಿಯ ಐದನೆಯ ಚೀಲ

ಆಳಂದ ತಾಲ್ಲೂಕಿನಲ್ಲಿ ಅತಿ ಹೆಚ್ಚು ಓದಿಕೊಂಡ ಚೀಲಗಳು ಎಲ್ಲಿಯಾದರೂ ಇದ್ದರೆ ಅವು ನಮ್ಮ ಮನೆಯಲ್ಲಿವೆ! ನಗಬೇಡಿ. ಬೇರೆಯವರ ಮನೆಯ ಕೈಚೀಲಗಳ ಮೇಲೆ ಏನಿರುತ್ತದೆ? ಬಟ್ಟೆ ಅಂಗಡಿಯ ಹೆಸರು, ತಪ್ಪಿದರೆ ಯಾರದೋ ಮದುವೆಯ ಗಂಡು-ಹೆಣ್ಣಿನ ಹೆಸರು. ನಮ್ಮ ಅತ್ತೆ ಬಸವಣ್ಣನ ಗುಡಿಗೆ ಹೂವು ಒಯ್ಯುವ ಚೀಲದ ಮೇಲೆ ‘ಗರ್ಭಿಣಿಯರಲ್ಲಿ ರಕ್ತದೊತ್ತಡ: ತರಬೇತಿ ಶಿಬಿರ’ ಎಂದು ನೀಲಿ ಅಕ್ಷರದಲ್ಲಿದೆ. ಮಾವನವರು ತೊಗರಿಯ ಮಾದರಿ ಹಾಕಿಕೊಂಡು, ರೈತರ ಕಾಳು ಮಾರಿಕೊಡುವ ಅಡತಿ ಅಂಗಡಿಗೆ ಹೋಗುತ್ತಿದ್ದ ಚೀಲದ ಮೇಲೆ ‘ತಾಯಿಯ ಎದೆಹಾಲು ಮಗುವಿನ ಹಕ್ಕು’ ಎಂದಿತ್ತು. ಹೆಂಗಸರ ಎದುರು ಗಟ್ಟಿಯಾಗಿ ಕೆಮ್ಮಲೂ ನಾಚುವ ಮನುಷ್ಯ ಅವರು! ಅಕ್ಷರವೆಲ್ಲ ಧೋತರದ ಕಡೆಗೆ ತಿರುಗಿಸಿಕೊಂಡು ಗೋಡೆಯ ಪಕ್ಕದಲ್ಲೇ ನಡೆಯುತ್ತಿದ್ದರು.

ಇದಕ್ಕೆಲ್ಲ ಕಾರಣ ನಮ್ಮ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಅಕ್ಕ ಮಾದನಹಿಪ್ಪರಗಾದ ಕಡೆ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಕಲಬುರಗಿಯಲ್ಲಿ ಎಲ್ಲಿ ಯಾವ ತರಬೇತಿ ನಡೆಯಲಿ, ಮೊದಲ ಸಾಲಿನಲ್ಲಿ ಅಕ್ಕ ಕೂತಿರಲೇಬೇಕು. ಬೇರೆ ನರ್ಸುಗಳು ‘ನನಗ ಮಂಡಿನೋವು’, ‘ನಮ್ಮ ಮನ್ಯಾಗ ಮದುವಿ’ ಎಂದು ತಪ್ಪಿಸಿಕೊಳ್ಳುವ ತರಬೇತಿಗೆ ಇವರು ಅವರ ಬದಲಿಗೂ ಹೋಗಲು ತಯಾರು! ಪ್ರತಿ ತರಬೇತಿಯಲ್ಲೂ ಒಂದು ಚೀಲ, ಒಂದು ಪೆನ್ನು, ಒಂದು ಬರೆಯುವ ಪ್ಯಾಡು ಕೊಡುತ್ತಾರಲ್ಲ, ಆ ಚೀಲಗಳು ಹೀಗೆ ನಮ್ಮ ಬಂಧುಬಳಗದಲ್ಲೆಲ್ಲ ಹರಡಿಕೊಂಡವು.

ಹರಡಿಕೊಂಡವು ಎಂದರೆ ಪುಕ್ಕಟೆಯಾಗಿ ಅಲ್ಲ. ಅಕ್ಕನ ಚೀಲ ಬೇಕಾದವರು ಎದುರಿಗೆ ಕೂತು, ಆ ತರಬೇತಿಯಲ್ಲಿ ಕಲಿಸಿದ್ದನ್ನೆಲ್ಲ ಕೇಳಿ, ತಿರುಗಿ ಒಪ್ಪಿಸಬೇಕು. ತಪ್ಪಿದರೆ ಚೀಲವಿಲ್ಲ. ‘ಚೀಲ ಬೇಕೇನ್ರಿ? ಹಂಗಾದ್ರ ಕೂಡ್ರಿ’ ಎಂದು ಅಕ್ಕ ಸೆರಗು ಸಿಕ್ಕಿಸಿದರೆ ಮುಗಿಯಿತು, ನೆಂಟರು ಬಸ್ಸು ತಪ್ಪಿಸಿಕೊಂಡರು ಎಂದೇ ಲೆಕ್ಕ.

ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೆಯಲ್ಲಿ ನನಗೆ ಏನು ಕೆಲಸ ಎಂದು ತಿಳಿದಿರಲಿಲ್ಲ. ಮೂರನೇ ದಿನಕ್ಕೆ ತಿಳಿಯಿತು: ನಾನು ರೋಗಿ!

‘ಏ ತಂಗಿ, ಇಲ್ಲಿ ಚಾಪಿ ಮ್ಯಾಲ ಮಕ್ಕೋ. ಈಗ ನಿನಗ ಹೆರಿಗಿ ಆಗ್ಯದ, ರಕ್ತ ಹೋಗಾಕತ್ತದ.’

‘ಅಕ್ಕಾ, ಒಲಿ ಮ್ಯಾಲ ಹಾಲು ಅದರೀ!’

‘ರಕ್ತ ಹೋಗೋರು ಹಾಲಿನ ಚಿಂತಿ ಮಾಡಂಗಿಲ್ಲ. ಸುಮ್ನ ಮಕ್ಕೋ.’

ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಅಕ್ಕ ಗರಗರ ತಿಕ್ಕುತ್ತಿದ್ದಾಗ ಹಾಲು ಉಕ್ಕಿ ಒಲೆ ಆರಿತು. ಅತ್ತೆ ಓಡಿಬಂದು ‘ಏನ್ ನಡಸೀರಿ ಇಬ್ಬರೂ?’ ಎಂದರು. ಅಕ್ಕ ತಲೆ ಎತ್ತದೆ ‘ಜೀವ ಉಳಸಾಕತ್ತೇನ್ರಿ ಅತ್ತಿ’ ಎಂದರು. ‘ಹಾಲು ಯಾರು ಉಳಸ್ಬೇಕು?’ ಎಂದು ಕೇಳಿ ಅತ್ತೆ ನಿಟ್ಟುಸಿರು ಬಿಟ್ಟರು. ಹೀಗೆ ಬಾಣಂತಿಯಾಗುವ ಮೊದಲೇ ನಾನು ಎಷ್ಟೋ ಸಲ ಹೆತ್ತು, ಎಷ್ಟೋ ಸಲ ಸಾಯುವುದರಿಂದ ಪಾರಾಗಿದ್ದೇನೆ.

ಇಷ್ಟೆಲ್ಲ ಕಲಿತ ಅಕ್ಕನ ಹತ್ತಿರ ಕಲಿತದ್ದಕ್ಕೆ ಒಂದೂ ಸರ್ಟಿಫಿಕೇಟು ಇರಲಿಲ್ಲ! ಏಕೆಂದರೆ ಅದನ್ನು ಕೊಡುವುದು ಕೊನೆಯ ದಿನ, ಸಮಾರೋಪದಲ್ಲಿ. ಸಮಾರೋಪ ಶುರುವಾಗಬೇಕಾದರೆ ಅತಿಥಿಗಳು ಬರಬೇಕು. ಅತಿಥಿಗಳು ಬಂದರೆ ಭಾಷಣ ಮಾಡಬೇಕು. ‘ದಾದಿಯರು ಮಾತೃಸ್ವರೂಪಿಗಳು’ ಎಂದು ಶುರುವಾದ ಮಾತು ಪುರಾಣಕಾಲದಿಂದ ಇಳಿದು ಇಂದಿನವರೆಗೆ ಬರುವಷ್ಟರಲ್ಲಿ ಮಾದನಹಿಪ್ಪರಗಾದ ಕೊನೆಯ ಬಸ್ಸು ಆಳಂದ ದಾಟಿರುತ್ತದೆ. ಬಸ್ಸು ತಪ್ಪಿದರೆ ಕೇಂದ್ರದಲ್ಲಿ ನೋವು ತಿನ್ನುತ್ತಿರುವವರನ್ನು ಯಾರು ನೋಡಬೇಕು? ಅಕ್ಕ ಸಂಜೆಯ ಹಾಜರಿಗೆ ಸಹಿ ಹಾಕಿ, ಹಿಂದಿನ ಬಾಗಿಲಿನಿಂದ ಚೀಲ ಹಿಡಿದು ಹೊರಟುಬಿಡುತ್ತಿದ್ದರು. ನಾನು ‘ಅಕ್ಕನಿಗೆ ಭಾಷಣದ ಅಲರ್ಜಿ’ ಎಂದು ಊರೆಲ್ಲ ಹೇಳಿಕೊಂಡು ನಗುತ್ತಿದ್ದೆ. ಅಕ್ಕನೂ ‘ಕಲ್ತಿದ್ದು ಕೈಯಾಗ ಅದ, ಕಾಗದದಾಗ ಏನದಬೇ?’ ಎನ್ನುತ್ತಿದ್ದರು.

ಕಾಗದದಲ್ಲಿ ಏನಿದೆ ಎಂಬುದು ಈ ವರ್ಷ ಗೊತ್ತಾಯಿತು.

ಹೆರಿಗೆಯ ವಿಷಯದಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಕೋರ್ಸು ಬಂದಿದೆ. ಅದನ್ನು ಮುಗಿಸಿದ ನರ್ಸು ತೊಂದರೆಯಿಲ್ಲದ ಹೆರಿಗೆಯನ್ನು ತನ್ನದೇ ಹೊಣೆಯ ಮೇಲೆ ಮಾಡಿಸಬಹುದು. ಸುತ್ತೋಲೆ ಓದಿದ ದಿನ ಅಕ್ಕ ಊಟಕ್ಕೆ ಕೂತು ರೊಟ್ಟಿ ಮುರಿಯದೆ ಮಾತನಾಡಿದರು. ‘ಡಾಕ್ಟರ್ ಇಲ್ಲದಾಗ ಎಲ್ಲಾ ನಾವೇ ಮಾಡ್ತೇವಿ. ಡಾಕ್ಟರ್ ಬಂದ್ರ ಹತ್ತಿ ಹಿಡ್ಕೊಂಡು ಬಾಜೂಕ ನಿಂದರ್ತೇವಿ. ಈ ಕೈ ಒಮ್ಮೆಯಾದ್ರೂ ನನ್ನ ಹೆಸರಿಲೇ ಕೆಲಸ ಮಾಡಬೇಕು.’ ಬರುವ ವರ್ಷಕ್ಕೆ ಅಕ್ಕನ ವಯಸ್ಸು ಕೋರ್ಸಿನ ಮಿತಿ ದಾಟುತ್ತದೆ. ಆದರೆ ಅರ್ಜಿ ಹಾಕಬೇಕಾದರೆ ನರ್ಸಿಂಗ್ ನೋಂದಣಿ ನವೀಕರಣವಾಗಿರಬೇಕು. ನವೀಕರಣಕ್ಕೆ, ಇಷ್ಟು ತಾಸು ಹೊಸದನ್ನು ಕಲಿತಿದ್ದೇನೆ ಎಂದು ಸರ್ಟಿಫಿಕೇಟು ತೋರಿಸಬೇಕು! ಉಳಿದದ್ದು ಹತ್ತು ದಿನ.

ತರಬೇತಿ ಕೇಂದ್ರದ ಕಿಟಕಿಗೆ ಹೋದೆವು. ಅಲ್ಲಿನ ಗುಮಾಸ್ತರು ಕನ್ನಡಕವನ್ನು ಹಣೆಗೆ ಏರಿಸಿ, ಗೋಡೆಯುದ್ದಕ್ಕೂ ಪೇರಿಸಿದ್ದ ರಿಜಿಸ್ಟರುಗಳನ್ನು ತೋರಿಸಿದರು.

‘ಅವತ್ತು ಬಿಟ್ಟು ಓಡ್ತೀರಿ, ಇವತ್ತು ಬಂದು ಕೊಡ್ರಿ ಅಂತೀರಿ. ತಾರೀಖು ಹೇಳ್ರಿ, ಹಾಜರಿ ನೋಡಿ ಕೊಡ್ತೀನಿ. ತಾರೀಖಿಲ್ದೇ ಈ ಗುಡ್ಡದಾಗ ಎಲ್ಲಿ ಅಂತ ಹುಡುಕ್ಲಿ?’

ಅಕ್ಕ ಪ್ರತಿ ತರಬೇತಿಯಲ್ಲಿ ಏನು ಕಲಿಸಿದರು ಎಂಬುದನ್ನು ಅಲ್ಲೇ ನಿಂತು ಗಡಗಡ ಹೇಳಿದರು. ತಾರೀಖು ಒಂದೂ ನೆನಪಿಲ್ಲ! ಹಿಂದೆ ನಿಂತಿದ್ದ ನಾನು, ತಡೆಯಲಾರದೆ, ‘ಅಕ್ಕಾ, ತಾರೀಖು ಚೀಲದ ಮ್ಯಾಲ ಇರ್ತದಲ್ಲರೀ’ ಎಂದೆ. ಅಕ್ಕ ತಿರುಗಿ ನನ್ನನ್ನು ನೋಡಿದ ನೋಟವಿದೆಯಲ್ಲ, ರೋಗಿಗೆ ಮೊದಲ ಸಲ ಬುದ್ಧಿ ಬಂದದ್ದನ್ನು ಕಂಡ ನೋಟ.

ತಾಸಿನ ಲೆಕ್ಕ ತುಂಬಲು ಬೇಕಾದದ್ದು ಐದು ಚೀಲ. ಅತ್ತೆಯ ಹೂವಿನ ಚೀಲ ಮನೆಯಲ್ಲೇ ಸಿಕ್ಕಿತು. ಮಾವನವರದು ಎಲ್ಲಿ ಎಂದರೆ ಅವರು ಬೇರೆ ಕಡೆ ನೋಡುತ್ತಾ, ಒಂದು ದಿನ ಅದನ್ನು ಅಡತಿಯಲ್ಲೇ ‘ಮರೆತು’ ಬಂದುದನ್ನು ಒಪ್ಪಿಕೊಂಡರು. ಅವರನ್ನೂ ಕರೆದುಕೊಂಡು ಹೋದರೆ, ಅಡತಿ ಅಂಗಡಿಯ ಮಾಲೀಕ ಭಾಯಿ ಅದರಲ್ಲಿ ಚೀಟಿಗಳನ್ನು ತುಂಬಿ ತಾವು ಕೂರುವ ಗದ್ದಿಗೆಯ ಮೇಲೇ ತೂಗುಹಾಕಿದ್ದರು.

‘ಅರೇ ಸಿಸ್ಟರ್, ಈ ಥೈಲಿ ಮಾತ್ರ ಕೇಳಬ್ಯಾಡ್ರಿ. ನಿಮ್ಮ ಮಾವನ ಬಾಯಿಂದ ಕೇಳಿ ಕೇಳಿ ಇದರ ಸಬಕ್ ಪೂರಾ ಕಲ್ತೀನಿ. ಆರು ತಿಂಗಳು ಬರೇ ತಾಯಿ ಹಾಲು, ಒಂದು ಚಮಚಾ ನೀರೂ ಇಲ್ಲ. ನಮ್ಮ ಸೊಸಿ ಹೆತ್ತಾಗ ಜೇನು ನೆಕ್ಕಸಾಕ ಬಂದ ಮಂದಿಗೆಲ್ಲಾ ನಾನೇ ವಾಪಸ್ ಕಳಿಸೀನಿ!’

ನಾನು ಮಾವನವರ ಮುಖ ನೋಡಿದೆ. ನಾಚಿಕೆಯ ಮನುಷ್ಯ ಅಡತಿಯಲ್ಲಿ ಕೂತು ಎದೆಹಾಲಿನ ಪಾಠ ಮಾಡಿದ್ದರೇ! ಅವರು ತೊಗರಿಯನ್ನು ಅಂಗೈಯಲ್ಲಿ ಹಿಡಿದು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. ಭಾಯಿ ಚೀಲ ಕೊಟ್ಟರು, ಬದಲಿಗೆ ಹೊಸ ಚೀಲ, ಹೊಸ ಪಾಠ ಎರಡನ್ನೂ ಕೊಡುವ ಮಾತು ತೆಗೆದುಕೊಂಡರು.

ಮೂರನೆಯದು ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಲ್ಲಿ, ಅತ್ತೆಯ ಅಕ್ಕನ ಹತ್ತಿರ. ಅದು ಕೈ ತೊಳೆಯುವ ತರಬೇತಿಯ ಚೀಲ. ದೊಡ್ಡತ್ತೆ ಆ ಪಾಠವನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದರೆ, ಮನೆಗೆ ಪೂಜೆಗೆ ಬಂದ ಅಯ್ಯನವರಿಗೂ ಸಾಬೂನು ಕೊಟ್ಟು ‘ಬೆರಳ ಸಂದ್ಯಾಗ ತಿಕ್ಕೊಳ್ರಿ ಅಪ್ಪಾ’ ಎಂದವರು. ಅದೇ ನಿಷ್ಠೆಯಿಂದ ಚೀಲವನ್ನೂ ವಾರಕ್ಕೆರಡು ಸಲ ತಿಕ್ಕಿ ತೊಳೆದು, ಅದರ ಮೇಲೆ ಒಂದು ಅಕ್ಷರವನ್ನೂ ಉಳಿಸಿರಲಿಲ್ಲ!

ಅಕ್ಕ ಹಣೆ ಹಣೆ ಬಡಿದುಕೊಂಡರು. ದೊಡ್ಡತ್ತೆ ಮಾತ್ರ ಶಾಂತವಾಗಿ, ‘ಯಾಕ ಅಳತೀಬೇ? ನೀ ತರಬೇತಿ ಮುಗಿಸಿ ಸೀದಾ ಇಲ್ಲಿಗೇ ಬಂದಿದ್ದಿ. ಅವತ್ತೇ ನಮ್ಮ ಎಮ್ಮಿ ಈದಿತ್ತು. ಮೂರು ವರ್ಷದ ಹಿಂದ, ನಾಗರಪಂಚಮಿ ಆಗಿ ಮೂರನೇ ದಿನ’ ಎಂದರು. ಅಕ್ಕ ಅದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡರು.

ನಾಲ್ಕನೆಯದಕ್ಕೆ ಜೇವರ್ಗಿಗೆ ಹೋದೆವು. ನಮ್ಮ ನಾದಿನಿ ಅಲ್ಲಿದ್ದಾಳೆ. ಚೀಲ ಎಲ್ಲೆಂದು ಕೇಳಿದರೆ ಆಕೆ ಬೀದಿಗೆ ಬೆರಳು ತೋರಿಸಿದಳು. ಗಂಡ ಸ್ಕೂಟರಿನ ಮೇಲೆ ಬರುತ್ತಿದ್ದ. ಚೀಲ ಬಿಚ್ಚಿ ಹೊಲಿದು ಸ್ಕೂಟರಿನ ಸೀಟಿಗೆ ಕವಚ ಮಾಡಿದ್ದಳು! ಇಳಿಸಿ ನೋಡಿದರೆ ‘ಹೆರಿಗೆ ನಂತರದ ರಕ್ತಸ್ರಾವ’ ಎಂಬ ಅಕ್ಷರ, ಅದರ ಕೆಳಗೆ ತಾರೀಖು, ಎರಡೂ ಸ್ಪಷ್ಟ.

‘ಇದನ್ನ ಒಯ್ದ್ರ ನಾ ಎದರ ಮ್ಯಾಲ ಕೂಡ್ಲಿ ಸಿಸ್ಟರ್?’ ಎಂದು ಆ ಪುಣ್ಯಾತ್ಮ ಗೋಳಾಡಿದ.

‘ಇಷ್ಟು ದಿನ ರಕ್ತಸ್ರಾವದ ಮ್ಯಾಲ ಕೂತೀರಿ, ಇನ್ನ ಸೀಟಿನ ಮ್ಯಾಲ ಕೂಡ್ರಿ’ ಎಂದು ಅಕ್ಕ ಕತ್ತರಿ ಹಿಡಿದು ದಾರ ಬಿಚ್ಚಿದರು. ನಾದಿನಿ ನಗಲಿಲ್ಲ, ಅತ್ತಿಗೆಯ ಕಡೆ ತಿರುಗಿದಳು. ‘ವೈನೀ, ಹ್ವಾದ ವರ್ಷ ಬಾಜೂ ಮನಿಯಾಕಿಗೆ ಹೆತ್ತ ಮ್ಯಾಲ ಹಿಂಗೇ ಆಯ್ತು. ನೀವು ಹೇಳಿದ್ದು ನೆನಪಾಯ್ತು. ಹೊಟ್ಟಿ ತಿಕ್ಕೋತ, ಗಾಡಿ ಬರೂತನಕ ನಾನೇ ಕೂತಿದ್ದೆ. ಉಳದಾಳ’ ಎಂದಳು. ಅಕ್ಕ ಒಂದು ಗಳಿಗೆ ಕತ್ತರಿ ನಿಲ್ಲಿಸಿ, ‘ಗಟ್ಟಿ ಆಗೂತನಕ ತಿಕ್ಕಿದ್ದೇನು?’ ಎಂದು ಪರೀಕ್ಷೆ ತೆಗೆದುಕೊಂಡೇ ಮುಂದಿನ ಹೊಲಿಗೆ ಬಿಚ್ಚಿದರು.

ಐದನೆಯ ಚೀಲ ಸಿಗಲಿಲ್ಲ. ಅದು ಎಲ್ಲಕ್ಕಿಂತ ದೊಡ್ಡ ತರಬೇತಿ, ಮೂರು ದಿನದ್ದು: ಹುಟ್ಟಿದ ಕೂಸು ಉಸಿರಾಡದಿದ್ದರೆ ಏನು ಮಾಡಬೇಕು ಎಂಬುದು. ಅದರ ತಾಸು ಸೇರದೆ ಲೆಕ್ಕ ತುಂಬುವುದಿಲ್ಲ. ಯಾರಿಗೆ ಕೊಟ್ಟಿರಿ ಎಂದು ಎಷ್ಟು ಕೇಳಿದರೂ ಅಕ್ಕ ‘ನೆನಪಿಲ್ಲಬೇ, ಹೋಗ್ಲಿ ಬಿಡು’ ಎನ್ನುತ್ತಿದ್ದರು. ಹೋಗಲಿ ಬಿಡು! ಸೀಟು ಕವಚ ಬಿಚ್ಚಿಸಿದ ಬಾಯಿಂದ ಆ ಮಾತು ಬರುವುದೆಂದರೇನು? ನಾನು ರೇಗಿಸಿದೆ. ‘ಎಲ್ಲಾರಿಗೂ ಪಾಠ ಬಾಯಿಪಾಠ ಮಾಡಸ್ತೀರಿ, ನಿಮಗ ಒಂದು ಚೀಲ ನೆನಪಿಲ್ಲೇನ್ರಿ?’ ಅಕ್ಕ ಚಪ್ಪಲಿ ಮೆಟ್ಟಿ ಡ್ಯೂಟಿಗೆ ಹೋದರು. ಉಳಿದದ್ದು ಎರಡೇ ದಿನ.

ಮಗಳನ್ನು ಅಂಗನವಾಡಿಯಿಂದ ಶಾಲೆಗೆ ಸೇರಿಸಲು ಜನನ ಪತ್ರ ಬೇಕಾಗಿತ್ತು. ಅಂದೇ ಮಧ್ಯಾಹ್ನ ನನ್ನ ಟ್ರಂಕು ತೆಗೆದು ತಳದವರೆಗೆ ಕೈ ಹಾಕಿದೆ. ಕೈಗೆ ಒಂದು ಚೀಲ ಬಂತು. ಒಳಗೆ ನನ್ನ ಮಗಳ ಕುಂಚಿಗೆ, ಹೊಕ್ಕುಳಿನ ದಾರ, ಮೊದಲು ಸುತ್ತಿದ ಹಳದಿ ಟವೆಲ್ಲು. ಮೇಲೆ ‘ನವಜಾತ ಶಿಶುವಿನ ಮೊದಲ ನಿಮಿಷ’ ಎಂಬ ಅಕ್ಷರ. ಕೆಳಗೆ ಮೂರು ತಾರೀಖು. ಮೂರನೆಯದು ನನ್ನ ಮಗಳ ಹುಟ್ಟಿದ ದಿನ.

ಚೊಚ್ಚಲ ಹೆರಿಗೆಗೆ ನಾನು ತವರುಮನೆ ಮಾದನಹಿಪ್ಪರಗಾಕ್ಕೆ ಹೋಗಿದ್ದೆ. ಎರಡು ವಾರ ಮೊದಲೇ ನೋವು ಬಂತು. ಅಕ್ಕನ ಕೇಂದ್ರದಲ್ಲಿ ಇದ್ದದ್ದು ಹೊಸದಾಗಿ ಸೇರಿದ ಒಬ್ಬ ನರ್ಸು ಮಾತ್ರ; ಆಕೆ ಅಕ್ಕನಿಗೆ ಫೋನು ಮಾಡಿದ್ದಳು. ಸಂಜೆ ಅಕ್ಕ ಚೀಲ ಹಿಡಿದು ಏದುಸಿರು ಬಿಡುತ್ತಾ ಒಳಗೆ ಬಂದದ್ದು ನೆನಪಿದೆ. ಮಗು ಹುಟ್ಟಿತು, ಅಳಲಿಲ್ಲ. ಅಕ್ಕ ಕೂಸನ್ನು ಒರೆಸಿದರು, ಬೆನ್ನು ತಿಕ್ಕಿದರು, ಪುಟ್ಟ ಮಾಸ್ಕು ಮುಖಕ್ಕೆ ಹಿಡಿದು ಉಸಿರು ಕೊಟ್ಟರು, ಮೆಲ್ಲಗೆ ಎಣಿಸುತ್ತಾ. ಆಮೇಲೆ ಅಳು ಕೇಳಿತು. ನನಗೆ ಇದೆಲ್ಲ ಗೊತ್ತಿತ್ತು. ಅಕ್ಕ ಎಲ್ಲಿಂದ, ಏನನ್ನು ಬಿಟ್ಟು ಬಂದಿದ್ದರು ಎಂಬುದನ್ನು ಮಾತ್ರ ನಾನು ಒಂದು ದಿನವೂ ಕೇಳಿರಲಿಲ್ಲ.

ಸಂಜೆ ಅಕ್ಕ ಬಂದಾಗ ಚೀಲ ಮುಂದಿಟ್ಟೆ. ‘ಅಕ್ಕಾ, ನಿಮಗ ಮೊದಲೇ ಗೊತ್ತಿತ್ತಲ್ಲರೀ?’

‘ಗೊತ್ತಿತ್ತು. ಅದ್ರಾಗ ಕೂಸಿನ ಬಟ್ಟಿ ಇಟ್ಟೀದಿ. ಹ್ಯಾಂಗ ಕೇಳ್ಲಿಬೇ? ಕೂಸು ಹುಟ್ಟಿದ ತಾರೀಖು ಅಂತ ಹೇಳಿದ್ರ, ಏನು ಬಿಟ್ಟು ಬಂದಿದ್ರಿ ಅಂತ ನೀ ಕೇಳ್ತಿದ್ದಿ.’

ಮೂರು ತಾಲ್ಲೂಕು ಸುತ್ತಿ ಹೂವಿನ ಚೀಲ, ಸೀಟಿನ ಕವಚ ಏನನ್ನೂ ಬಿಡದ ಹೆಂಗಸು, ನಮ್ಮಿಬ್ಬರ ಕೋಣೆಗಳ ನಡುವಿನ ಒಂದು ಗೋಡೆ ದಾಟಿರಲಿಲ್ಲ. ನಾನು ಅಕ್ಕನ ಕೈ ಹಿಡಿದು ಅತ್ತುಬಿಟ್ಟೆ. ಅಕ್ಕ ಅಭ್ಯಾಸಬಲದಿಂದ ನನ್ನ ನಾಡಿ ನೋಡಿದರು.

ಮರುದಿನ ಮಗಳನ್ನೂ ಕರೆದುಕೊಂಡು ಹೋದೆವು. ಗುಮಾಸ್ತರು ಚೀಲಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿಕೊಂಡರು. ಸೀಟಿನ ಕವಚವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಅಕ್ಕ ದಿನಾ ಕೈ ತೊಳೆದ ಮೇಲೆ ಮತ್ತೆ ಮತ್ತೆ ಬರೆದುಕೊಂಡಿದ್ದ ಅಂಗೈ ತೋರಿಸಿ ದೊಡ್ಡತ್ತೆಯ ತಾರೀಖು ಹೇಳಿದಾಗ, ‘ನಮ್ಮ ರಿಜಿಸ್ಟರದಾಗ ಎಮ್ಮಿ ಹಾಜರಿ ಇರಂಗಿಲ್ರಿ’ ಎಂದರು. ಆದರೂ ಪಂಚಾಂಗ ನೋಡಿ ಹುಡುಕಿದರು, ಸಿಕ್ಕಿತು! ನಾಲ್ಕು ಸರ್ಟಿಫಿಕೇಟಿಗೆ ಮುದ್ರೆ ಬಿತ್ತು. ಐದನೆಯ ರಿಜಿಸ್ಟರು ತೆಗೆದವರು ನಿಂತರು.

‘ಮೂರನೇ ದಿನ ಮುಂಜಾನಿ ಸಹಿ ಅದ, ಸಂಜಿ ಸಹಿ ಇಲ್ಲ. ಅರ್ಧಕ್ಕ ಬಿಟ್ಟು ಹೋಗೀರಿ. ಕಾರಣ ಬರೀದೆ ಕೊಡಾಕ ಬರಂಗಿಲ್ಲ.’

ಆ ಪುಟಕ್ಕೆ ಅವತ್ತಿನ ಕಾರ್ಯಕ್ರಮದ ಹಾಳೆ ಅಂಟಿಸಿತ್ತು. ಸಮಾರೋಪದಲ್ಲಿ ಅತಿಥಿಗಳ ಎದುರು, ಉಸಿರು ಕೊಡುವ ವಿಧಾನವನ್ನು ಗೊಂಬೆಯ ಮೇಲೆ ಮಾಡಿ ತೋರಿಸುವವರು ಎಂಬಲ್ಲಿ ಅಕ್ಕನ ಹೆಸರಿತ್ತು. ಎಲ್ಲ ನರ್ಸುಗಳಲ್ಲಿ ಆರಿಸಿದ್ದು ಅವರೊಬ್ಬರನ್ನೇ. ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಅಕ್ಕ ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದರು. ನಾನೇ ಹೇಳಿದೆ. ಗೊಂಬೆಯ ಮೇಲೆ ಮಾಡಬೇಕಾದದ್ದನ್ನು ಅವತ್ತು ಸಂಜೆ ಯಾರ ಮೇಲೆ ಮಾಡಿದರು ಎಂಬುದನ್ನು, ಮಗಳನ್ನು ಮೇಜಿನ ಹತ್ತಿರ ನಿಲ್ಲಿಸಿ ಹೇಳಿದೆ.

ಗುಮಾಸ್ತರು ಹಣೆಯ ಕನ್ನಡಕವನ್ನು ಕಣ್ಣಿಗೆ ಇಳಿಸಿದರು. ಪೆನ್ನು ಹಿಡಿದು ‘ಕಾರಣ’ ಎಂಬ ಖಾಲಿ ಜಾಗದ ಮೇಲೆ ಸ್ವಲ್ಪ ಹೊತ್ತು ಕೈ ನಿಲ್ಲಿಸಿ, ‘ಹಂಗಾದ್ರ ಇಲ್ಲಿ ಏನಂತ ಬರೀಲಿ ತಾಯಿ?’ ಎಂದರು.

ಹುಟ್ಟಿದಾಗ ಅಳದಿದ್ದ ನನ್ನ ಮಗಳು ಮೇಜಿನ ಅಂಚಿಗೆ ಗದ್ದ ಇಟ್ಟು, ಇಡೀ ಆಫೀಸಿಗೆ ಕೇಳುವಂತೆ ಹೇಳಿದಳು: ‘ನನ್ನ ಹೆಸರ ಬರೀರಿ!’

ಅವರು ಬರೆದರು.