ಊದುಬತ್ತಿಯ ಬೆಂಕಿ ಮತ್ತು ಮಾವನವರ ಅನುಮಾನ

ನಮ್ಮ ಮಾವನವರಿಗೆ ದೇವರ ಮೇಲೆ ಪೂರ್ತಿ ನಂಬಿಕೆ. ಕ್ಯಾಲೆಂಡರಿನ ಮೇಲೆ ಮಾತ್ರ ಇಲ್ಲ! ಏಕಾದಶಿ ಯಾವತ್ತು ಎಂದು ತಿಳಿಯಲು ಅಡುಗೆಮನೆಯಲ್ಲಿ ಒಂದು ಮರಾಠಿ ಕ್ಯಾಲೆಂಡರು, ದೇವರ ಕೋಣೆಯಲ್ಲಿ ಒಂದು ಕನ್ನಡದ್ದು. ಎರಡೂ ಒಂದೇ ದಿನ ತೋರಿಸಿದರೆ, "ಇಬ್ರೂ ಮಾತಾಡಿಕೊಂಡಽ ಛಾಪಿಸ್ಯಾರ" ಎಂದು ಅನುಮಾನ. ಬೇರೆ ಬೇರೆ ತೋರಿಸಿದರೆ ಎರಡೂ ದಿನ ಉಪವಾಸ. ಉಪವಾಸವೆಂದರೆ ಸಾಬೂದಾಣೆ ಖಿಚಡಿ, ಹಾಗಾಗಿ ಅವರಿಗೇನೂ ನಷ್ಟವಿಲ್ಲ. ನೆನೆಹಾಕಿ, ಒಗ್ಗರಣೆ ಕೊಡುವವಳು ನಾನು.

ನಾನು ಮೈಸೂರಿನ ಕಡೆಯವಳು, ಮದುವೆಯಾಗಿ ಪುಣೆಯ ಕಾತ್ರಜಕ್ಕೆ ಬಂದವಳು. ಮಾವನವರ ತಂದೆ ಹೊಟ್ಟೆಪಾಡಿಗಾಗಿ ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದವರು. ಮಾವನವರು ಹುಟ್ಟಿದ್ದು, ಓದಿದ್ದು, ಗುಮಾಸ್ತರಾಗಿ ನಿವೃತ್ತರಾದದ್ದು ಎಲ್ಲಾ ಪುಣೆಯಲ್ಲೇ. ಮದುವೆಯ ಹೊಸತರಲ್ಲಿ ಅವರ ಜೊತೆ ಊರಿಗೆ ಹೊರಟಿದ್ದೆ. ಬಸ್ಸಿನ ಮೇಲೆ 'ವಿಜಯಪುರ' ಎಂದು ದೊಡ್ಡದಾಗಿ ಬರೆದಿತ್ತು. ಬರೆದದ್ದನ್ನು ಮಾವನವರು ನಂಬುವುದುಂಟೇ? ಮೊದಲು ಕಂಡಕ್ಟರನ್ನು ಕೇಳಿದರು. ಆಮೇಲೆ ಸುತ್ತು ಹಾಕಿ ಹೋಗಿ, ಅವನಿಗೆ ಕೇಳಿಸದ ಹಾಗೆ ಡ್ರೈವರನ್ನು ಕೇಳಿದರು. ಇಬ್ಬರೂ ವಿಜಯಪುರವೆಂದರು. "ಕಲಿಸಿಕೊಟ್ಟಂಗ ಹೇಳ್ಲಿಕತ್ತಾರ" ಎಂದು ಕಿಟಕಿಯಲ್ಲಿದ್ದ ಪ್ರಯಾಣಿಕನನ್ನು ಹಿಡಿದರು. ಆತ, "ನಾ ಇಂದಾಪುರಕ್ಕ ಇಳೀತೀನ್ರಿ, ಮುಂದ ಎಲ್ಲಿ ಹೋಗತದೋ ಯಾಂವ ಬಲ್ಲ" ಎಂದ.

"ನೋಡಿದಿ? ಇಂವ ಒಬ್ಬನಽ ಖರೇ ಮನಶ್ಯಾ!" ಎಂದು ಮಾವ ನನ್ನತ್ತ ತಿರುಗುವಷ್ಟರಲ್ಲಿ ಖರೇ ಮನುಷ್ಯನನ್ನು ಹೊತ್ತುಕೊಂಡು ಬಸ್ಸು ಹೊರಟೇಹೋಯಿತು.

ಇನ್ನು ಮನೆಯ ಬಾಗಿಲಿನ ಚಿಲಕ. ನಾನು ಹಾಕಿದರೂ, ಅತ್ತೆ ಹಾಕಿದರೂ, ಅವರು ಎದ್ದು ಬಂದು ಒಮ್ಮೆ ಎಳೆದು ನೋಡಲೇಬೇಕು. "ಹಾಕಿದೀನಿ ಮಾವ" ಎಂದರೆ, "ಹಾಕೀದಿ, ಹಾಕೀದಿ. ನಾ ಇಲ್ಲಾ ಅಂದ್ನೇನು?" ಎನ್ನುತ್ತಲೇ ಎಳೆಯುತ್ತಾರೆ.

ಈ ಅನುಮಾನಕ್ಕೆಲ್ಲ ತವರುಮನೆ ಒಂದು ಊದುಬತ್ತಿ ಕಾರ್ಖಾನೆ. ಮಾವನವರು ತೊಟ್ಟಿಲಲ್ಲಿದ್ದಾಗ ಅದು ಸುಟ್ಟುಹೋಯಿತು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ, ಪೇಟೆಯೆಲ್ಲ ದೇವರ ಕೋಣೆಯ ಹಾಗೆ ಘಮಘಮಿಸಿತಂತೆ. ಅಲ್ಲಿ ಕಾವಲುಗಾರರಾಗಿದ್ದವರು ಮಾವನವರ ತಂದೆ. ಬೆಂಕಿ ಇಟ್ಟವರು ಅವರೇ ಎಂದು ಪತ್ರಿಕೆಯೊಂದು ಬರೆಯಿತು. ಪೊಲೀಸರು ವಿಚಾರಿಸಿ ಬಿಟ್ಟುಬಿಟ್ಟರು, ಜನ ಬಿಡಲಿಲ್ಲ. ಮರಾಠಿಯಲ್ಲಿ ಬೆಂಕಿಕಡ್ಡಿಗೆ 'ಕಾಡೀ' ಎನ್ನುತ್ತಾರೆ. ಅವರಿಗೆ 'ಕಾಡೀವಾಲಾ' ಎಂಬ ಹೆಸರು ಬಿತ್ತು. ಅವರು ತೀರಿಕೊಂಡರೂ ಹೆಸರು ತೀರಲಿಲ್ಲ, ಶಾಲೆಯಲ್ಲಿ ಮಗನಿಗೂ ಅಂಟಿಕೊಂಡಿತು. ಬೆಂಕಿ ನಾನಿಟ್ಟಿಲ್ಲ ಎಂದೇ ಅವರು ಮನೆಯವರಿಗೆ ಕೊನೆಯವರೆಗೂ ಹೇಳಿದ್ದರಂತೆ. ಅಪ್ಪ ಬೆಂಕಿ ಇಟ್ಟಿಲ್ಲ ಎಂದು ತೋರಿಸುವುದೇ ಮಾವನವರ ಜೀವನದ ಕೆಲಸವಾಯಿತು. ಗುಮಾಸ್ತಿಕೆ ಏನಿದ್ದರೂ ಬಿಡುವಿನ ವೇಳೆಯದು!

ಆ ಬೆಂಕಿಯ ಬಗ್ಗೆ ಅವರ ಹತ್ತಿರ ಮೂರು ಬರಹಗಳಿವೆ. ಒಂದು, ಬೆಳಗಿನ ಪತ್ರಿಕೆಯದು. ವಿದ್ಯುತ್ ತಂತಿಯಿಂದ ಬೆಂಕಿ ಹತ್ತಿತು, ಗೋದಾಮಿನ ಕಬ್ಬಿಣದ ಬಾಗಿಲಿಗೆ ಯಾರೋ ಹೊರಗಿನಿಂದ ಚಿಲಕ ಹಾಕಿದ್ದರಿಂದ ಪಕ್ಕದ ವಠಾರಕ್ಕೆ ಹಬ್ಬಲಿಲ್ಲ ಎನ್ನುತ್ತದೆ. ಎರಡನೆಯದು ಸಂಜೆಯ ಪತ್ರಿಕೆಯದು. ಕಾವಲುಗಾರನೇ "ಮೀ ಕಾಡೀ ಲಾವಲೀ", ಅಂದರೆ ನಾನೇ ಕಡ್ಡಿ ಗೀರಿ ಹಚ್ಚಿದೆ, ಎಂದು ಒಪ್ಪಿಕೊಂಡನೆಂದು ಅದರ ಮಾತು. ಮೂರನೆಯದು ಕಾರ್ಖಾನೆಯವರೇ ತಂದ ಸ್ಮರಣ ಸಂಚಿಕೆ. ಅದರಲ್ಲಿ ಬೆಂಕಿಯ ಸುದ್ದಿಯೇ ಇಲ್ಲ! 'ಕಾರ್ಖಾನೆಯನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಲಾಯಿತು' ಎಂದಷ್ಟೇ ಇದೆ.

"ಸ್ಥಳಾಂತರ ಅಂತ! ಹೊಗೀ ಆಗಿ ಹೋತೇನು?" ಎಂದು ಮಾವ ಕುದಿಯುತ್ತಾರೆ.

ಅವರ ದೊಡ್ಡ ಸಿಟ್ಟು ಎರಡನೆಯದರ ಮೇಲೆ. ಬೆಳಗಿನ ಪತ್ರಿಕೆ ಗಂಧದ ವಾಸನೆ ಬಂತು ಎಂದರೆ, ಸಂಜೆಯದು ಮೊಗರಾ, ಅಂದರೆ ಮಲ್ಲಿಗೆ, ಎಂದಿದೆ. "ಮೂಗಿಗೆ ಬಡಿಯೋ ವಾಸನೀನಽ ಸರಿಯಾಗಿ ಬರೀಲಾರದಾಂವ, ನಮ್ಮಪ್ಪನ ಮಾತು ಏನು ಸರಿ ಬರದಿದ್ದಾನು?"

"ಎರಡು ಥರದ್ದೂ ಸುಟ್ಟಿರಬಹುದಲ್ವಾ ಮಾವ?" ಎಂದೆ.

ಮರುದಿನ ಚಹಾ ಕೊಡುವಾಗ ಮೆಲ್ಲಗೆ ಕೇಳಿದರು: "ಇದನ್ನ ನಿನಗ ಯಾರು ಹೇಳಿಕೊಟ್ರು?"

ಹೋದ ವರ್ಷ, ಸಂಜೆಯ ಪತ್ರಿಕೆಗೆ ಅದನ್ನು ಬರೆದ ವರದಿಗಾರರು ಇಂದಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆಂದು ತಿಳಿಯಿತು. ನನ್ನ ಗಂಡನಿಗೆ ವಿಮಾನ ನಗರದ ಆಫೀಸು ಬಿಡುವು ಕೊಡಲಿಲ್ಲ. ಸಾಕ್ಷಿಯಾಗಿ ನಾನೇ ಹೊರಟೆ. ಕಬ್ಬಿನ ಗದ್ದೆಯ ನಡುವೆ ಮನೆ, ಅಂಗಳದಲ್ಲಿ ಮಂಚ, ಮಂಚದ ಮೇಲೆ ತೊಂಬತ್ತು ದಾಟಿದ ಮುದುಕ. ಮಗಳು ಚಹಾ ತಂದಿಟ್ಟರು. ಮಾವನವರು ನಾನು ಕುಡಿದು ಬದುಕಿ ಉಳಿಯುವವರೆಗೆ ಕಾದು, ಆಮೇಲೆ ಕಪ್ಪು ಎತ್ತಿಕೊಂಡರು!

"ಮೊಗರಾ ಅಂತ ಯಾಕೆ ಬರೆದಿರಿ?" ಎಂದು ಮರಾಠಿಯಲ್ಲಿ ಪಾಟೀಸವಾಲು ಶುರುವಾಯಿತು.

ಮುದುಕರು ಬೊಚ್ಚುಬಾಯಿ ತೆರೆದು ನಕ್ಕರು. ಆವತ್ತು ತನಗೆ ವಿಪರೀತ ನೆಗಡಿ, ವಾಸನೆಯನ್ನು ಪಕ್ಕದವರನ್ನು ಕೇಳಿ ಬರೆದೆ ಎಂದರು. ಮಾವನವರ ಮುಖ ಅರಳಿತು. ಅಷ್ಟರಲ್ಲಿ ಮುದುಕರು ಕಿವಿ ಮುಟ್ಟಿಕೊಂಡು, "ಪಣ ಕಾನ ಚಾಂಗಲೇ ಹೋತೇ" ಎಂದರು. ಕಿವಿ ಚೆನ್ನಾಗಿಯೇ ಇದ್ದವು. ಬೆಂಕಿಯ ಎದುರು ನಿಂತು ಆ ಕಾವಲುಗಾರ ಅಂದದ್ದನ್ನು ಈ ಕಿವಿಯಿಂದ ಕೇಳಿದ್ದೇನೆ, "ಮೀ ಕಾಡೀ ಲಾವಲೀ" ಅಂತಲೇ ಅಂದ, ಒಂದಕ್ಷರ ನಾನು ಸೇರಿಸಿಲ್ಲ ಎಂದರು.

ಸುಳ್ಳುಗಾರನನ್ನು ಹಿಡಿಯಲು ಹೋದ ಮಾವನವರಿಗೆ ಸಿಕ್ಕಿದ್ದು ಸತ್ಯವಂತ! ಬಸ್ಸಿನಲ್ಲಿ ಒಂದೇ ಒಂದು ಮಾತು ಆಡಿದರು: "ಹಂಗಾದ್ರ ನಮ್ಮಪ್ಪನಽ ನಮಗ ಸುಳ್ಳು ಹೇಳಿದ್ನೇನು?" ನನಗೆ ಅಳು ಬಂತು.

ಆಮೇಲೆ ಅವರು ಯಾರನ್ನೂ ಅನುಮಾನಿಸಲಿಲ್ಲ. ನೀರು ಬೆರೆಸಿದೀಯೇನು ಎಂದು ಹಾಲಿನವನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಲಿಲ್ಲ. ಏಕಾದಶಿಗೆ ಒಂದೇ ಕ್ಯಾಲೆಂಡರು ನೋಡಿದರು. "ಡಾಕ್ಟರಿಗೆ ತೋರಸೂಣೇನ?" ಎಂದು ಅತ್ತೆ ಗಾಬರಿಯಾದರು. ಚಿಲಕ ಎಳೆದು ನೋಡುವುದೊಂದು ಉಳಿದಿತ್ತು. ಅದನ್ನು ಮಾತ್ರ ಮೊದಲಿಗಿಂತ ಜೋರಾಗಿ ಎಳೆಯುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಮನೆಗೆಲಸದ ಮಾವಶಿ ಬಂದು ಬಾಗಿಲು ತಳ್ಳಿದಳು. ನನ್ನ ಕೈಯೆಲ್ಲ ಹಿಟ್ಟು. ಚಿಲಕ ಹಾಕಿದೆ, ತಡಿ, ತೆಗೆಯುತ್ತೇನೆ ಎಂದು ಹೇಳಬೇಕಿತ್ತು. ಮರಾಠಿಯಲ್ಲಿ ಚಿಲಕಕ್ಕೆ 'ಕಡೀ' ಎನ್ನುತ್ತಾರೆ, ಅದನ್ನು ಹಾಕಿದೆ ಎನ್ನಲೂ 'ಲಾವಲೀ' ಎಂದೇ. ನನಗದು ಗೊತ್ತಿಲ್ಲವೇ? ಗೊತ್ತು! ಆದರೆ ಕನ್ನಡದವಳಿಗೆ ಕಡಿ ಎಂದರೆ ನಾಯಿ ಕಡಿಯುವುದು, ಸೊಳ್ಳೆ ಕಡಿಯುವುದು. ಬಾಗಿಲಿಗೆ ಅದನ್ನು ಹಾಕಲು ನಾಲಿಗೆ ಒಪ್ಪಬೇಕಲ್ಲ! ಅದು ತಾನಾಗಿ ದೀರ್ಘ ಎಳೆಯಿತು.

"ಮಾವಶೀ, ಥಾಂಬಾ! ಮೀ ಕಾಡೀ ಲಾವಲೀ!"

ಹೊರಗೆ ಕಿರುಚಾಟ. "ಅಗಬಾಯಿ! ತಾಈನೀ ಕಾಡೀ ಲಾವಲೀ! ಧಾವಾ ಧಾವಾ!" ಅಕ್ಕನವರು ಬೆಂಕಿ ಹಚ್ಚಿಕೊಂಡರು, ಓಡಿಬನ್ನಿ ಎಂದು ಮೆಟ್ಟಿಲಿಳಿದು ಓಡಿದ್ದಾಳೆ! ನಾನು ಬಾಗಿಲು ತೆಗೆಯುವಷ್ಟರಲ್ಲಿ ಎದುರು ಮನೆಯವರು ಕಂಬಳಿ ಹಿಡಿದು, ಸೆಕ್ಯುರಿಟಿಯವನು ಮರಳಿನ ಬಕೆಟ್ಟು ಹಿಡಿದು ನಿಂತಿದ್ದರು. ನಾನು ಹಿಟ್ಟಿನ ಕೈ ಮುಗಿದು ಎಲ್ಲರಿಗೂ ಚಿಲಕ ತೋರಿಸಿದೆ. ನಗುವೋ ನಗು.

ಮಾವ ನಗಲಿಲ್ಲ. "ಏನಂದಿ? ಇನ್ನೊಮ್ಮೆ ಅನ್ನು" ಎಂದರು.

"ಕಾಡೀ ಲಾವಲೀ..."

"ನೀ ಹಾಕಿದ್ದು?"

"ಚಿಲಕ, ಮಾವ."

ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. "ನಮ್ಮಪ್ಪ ಆಗ ಊರಿಂದ ಹೊಸದಾಗಿ ಬಂದಿದ್ದ. ಅವಂಗೂ ನಿನ್ನಷ್ಟಽ ಮರಾಠಿ ಬರತಿತ್ತವ್ವಾ. ಗೋದಾಮಿನ ಚಿಲಕಾ ಹಾಕಿದಾಂವ ಅವನಽ! ಅದನ್ನಽ ಹೇಳ್ಯಾನ, ನಾ ಹಾಕೀನಿ ಅಂತ!" ಪುಣೆಯಲ್ಲೇ ಹುಟ್ಟಿ ಅಚ್ಚ ಮರಾಠಿ ಕಲಿತ ಮಗನಿಗೆ ಅಪ್ಪನ ಹರಕು ಮರಾಠಿ ಇಷ್ಟು ವರ್ಷ ಹೊಳೆದಿರಲಿಲ್ಲ. ಅವರು ಸೆಕ್ಯುರಿಟಿಯವನ ಮುಂದೆಯೇ ಅತ್ತರು.

ನನಗೂ ಈಗ ಮಾವನವರ ರೋಗ ಅಂಟಿದೆಯಲ್ಲ, ಇದಕ್ಕೆ ಪುರಾವೆ ಏನು ಎಂದು ಒಳಗೊಳಗೇ ಅಂದುಕೊಂಡೆ. ಸಂಜೆ ಗಂಡ ಸುದ್ದಿ ಕೇಳಿ ನಕ್ಕು, "ಕಾಡೀ ಅಲ್ಲ, ಕಡೀ ಅನ್ನು" ಎಂದು ನನ್ನನ್ನು ತಿದ್ದಲು ಬಂದರು.

"ಬಿಡೋ, ಆಕಿ ಹಂಗಽ ಅನ್ಲಿ" ಎಂದರು ಮಾವ.

ಈಗ ದಿನಾ ಸಂಜೆ ನಾನು ಬಾಗಿಲು ಹಾಕಿದ ಕೂಡಲೆ ಒಳಗಿನಿಂದ ಅವರ ಪ್ರಶ್ನೆ ಬರುತ್ತದೆ: "ಏನ್ ಮಾಡೀದಿ ಅವ್ವಾ?"

"ಕಾಡೀ ಲಾವಲೀ, ಮಾವ!"

"ಹಾಂ" ಎನ್ನುತ್ತಾರೆ. ಕೂತಲ್ಲಿಂದ ಏಳುವುದಿಲ್ಲ.