ಹಸು ತಿಂದ ಎತ್ತಿನ ಗಾಡಿ

ಮಕ್ಕಳನ್ನು ತಿದ್ದಲು ಅಪ್ಪಂದಿರ ಕೈಯಲ್ಲಿರುವ ಆಯುಧ ಒಂದೇ, ತಮ್ಮ ಬಾಲ್ಯ. ಮದುವೆಗೆ ಮುಂಚೆ ನಾನು ಸ್ಕೂಲಿಗೆ ಒಂದು ಮೈಲಿ ನಡೆದವನು. ಮದುವೆಯಾದ ಮೇಲೆ ಅದು ಎರಡು ಮೈಲಿಯಾಯಿತು. ಮಕ್ಕಳಿಗೆ ಬುದ್ಧಿ ಬರುವ ಹೊತ್ತಿಗೆ ನಾಲ್ಕು ಮೈಲಿ, ನಡುವೆ ಒಂದು ಹಳ್ಳ. ಸುಳ್ಳು ಹೇಳುತ್ತಿದ್ದೆನೆಂದಲ್ಲ. ಪ್ರತಿ ಸಲವೂ ಹೊಸ ದೂರವೇ ಹಳೆಯದೆಂದು ನೆನಪಾಗುತ್ತಿತ್ತು.

ನಾಗಮಂಗಲದ ನಮ್ಮ ಬೀದಿಗೆ ಕೇಬಲ್ಲು ಬಂದದ್ದು ತೊಂಬತ್ತೈದರಲ್ಲೋ ತೊಂಬತ್ತಾರರಲ್ಲೋ. ಅಲ್ಲಿಯವರೆಗೆ ನಮ್ಮ ಟೀವಿ ಸಂಜೆಗೆ ಮಾತ್ರ ಏಳುತ್ತಿತ್ತು. ಆಮೇಲೆ ಮಲಗುವುದನ್ನೇ ಬಿಟ್ಟಿತು. ಹತ್ತು ವರ್ಷದ ಶೋಭಾ, ಏಳು ವರ್ಷದ ಮಧು ಅದರ ಮುಂದೆ ಕೂತರೆ ಮನೆಗೆ ಬಂದ ನೆಂಟರಿಗೆ ಅವರ ಬೆನ್ನಷ್ಟೇ ಪರಿಚಯ. ಒಂದು ದಿನ ಮಧು ಮುದ್ದೆಯನ್ನು ಸಾರಿನ ಬದಲು ನೀರಿನ ಲೋಟಕ್ಕೆ ಅದ್ದಿ ನುಂಗಿದ. ಸಾರು ಹೇಗಿದೆಯೋ ಎಂದು ನನ್ನ ಹೆಂಡತಿ ಸರೋಜ ಕೇಳಿದರೆ, "ಚೆನ್ನಾಗದೆ" ಎಂದ. ಅವಳು ತಟ್ಟೆ ಎತ್ತಿಕೊಂಡು ನನ್ನ ಕಡೆ ತಿರುಗಿದಳು. "ಏನಾದ್ರೂ ಮಾಡಿ. ಇಲ್ಲಾಂದ್ರೆ ನಾಳೆಯಿಂದ ನಿಮ್ಗೂ ನೀರೇ."

ಹಾಗಾಗಿ ನಾನು ಬಾಲ್ಯವನ್ನು ತೆಗೆದೆ. ನಿಮ್ಮ ವಯಸ್ಸಿನಲ್ಲಿ ನಾನು ಜೋಳದ ಕಡ್ಡಿಯಿಂದ ಎತ್ತಿನ ಗಾಡಿ ಮಾಡುತ್ತಿದ್ದೆ, ಚಕ್ರ, ಮೂಕಿ, ನೊಗ ಎಲ್ಲವೂ ಇರುತ್ತಿತ್ತು, ಅಂಥ ಐದು ಗಾಡಿಗಳು ಕೆರೆ ಏರಿಯ ಮೇಲೆ ಸಾಲಾಗಿ ಹೋಗುತ್ತಿದ್ದವು ಎಂದೆ. ಶೋಭಾ ತಿರುಗದೆ, "ಮಾಡಿ ತೋರ್ಸಪ್ಪ" ಎಂದಳು.

ಭಾನುವಾರ ಬಿಂಡಿಗನವಿಲೆ ಕಡೆಯ ಹೊಲವೊಂದರಿಂದ ಒಂದು ಹೊರೆ ಹಸಿ ಜೋಳದ ಕಡ್ಡಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಕಂಡಕ್ಟರು, "ಎಷ್ಟು ರಾಸು ಕಟ್ಟಿದ್ದೀರಿ ಸಾ?" ಎಂದು ವಿಚಾರಿಸಿದ. ಮಕ್ಕಳನ್ನು ನೆನೆದು, "ಎರಡು" ಎಂದೆ. ಸಂಜೆಯವರೆಗೆ ಸುಲಿದೆ, ಚುಚ್ಚಿದೆ, ಬೆರಳು ಕೊಯ್ದುಕೊಂಡೆ. ತಯಾರಾದದ್ದು ಗಾಡಿಗಿಂತ ಹೆಚ್ಚಾಗಿ ಕಾಲು ಮುರಿದ ಮಂಚದ ಹಾಗಿತ್ತು. ಒಣಗಲಿ ಎಂದು ಜಗಲಿಯ ಮೇಲಿಟ್ಟೆ. ಬೆಳಗ್ಗೆ ಎದ್ದು ನೋಡುತ್ತೇನೆ, ಪಕ್ಕದ ಮನೆ ನಿಂಗಮ್ಮನ ಹಸು ಎರಡು ಚಕ್ರಗಳನ್ನೂ ಮುಗಿಸಿ ಮೂಕಿಯನ್ನು ಮೆಲ್ಲುತ್ತಿದೆ. ಎತ್ತು ಗಾಡಿ ಎಳೆಯುವ ಊರಿನಲ್ಲಿ ಹುಟ್ಟಿದವನು ನಾನು. ಹಸು ಗಾಡಿ ತಿನ್ನುವುದನ್ನು ನೋಡಿದ್ದು ಅದೇ ಮೊದಲು. ಸರೋಜ ಸಮಾಧಾನ ಹೇಳಿದಳು: "ಅದಾದ್ರೂ ಇಷ್ಟಪಟ್ಟು ತಿಂತಲ್ಲ ಬಿಡಿ." ಟೀವಿಯ ಮುಂದಿನಿಂದ ಮಧು ಕೇಳಿದ: "ಹಸುಗೆ ಹೊಟ್ಟೆ ಕೆಡಲ್ವಾ ಅಪ್ಪ?"

ಮುಂದಿನ ಶನಿವಾರ ನನ್ನ ಅಕ್ಕ ಜಯಮ್ಮ ಸಂತೆಬಾಚಹಳ್ಳಿಯಿಂದ ಬಂದಳು. ಅವಳು ಚಪ್ಪಲಿ ಬಿಡುವ ಮೊದಲೇ ಶೋಭಾ ಕೇಳಿದಳು: "ಅತ್ತೆ, ಅಪ್ಪ ಚಿಕ್ಕೋನಾಗಿದ್ದಾಗ ಗಾಡಿ ಮಾಡ್ತಿತ್ತಂತೆ, ನಿಜವಾ?"

"ಇವ್ನಾ?" ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಾಡ್ತಿದ್ದೋಳು ನಾನು ಕಣವ್ವ. ಇವ್ನು ಅದ್ರ ಮ್ಯಾಲೆ ಕುಂತು ಮುರುದ್ಬುಟ್ಟು, ಗಾಡಿ ಸರಿಗಿಲ್ಲ ಅಂತ ಅಳೋನು."

ಶೋಭಾ ಹಸಿ ಕಡ್ಡಿಯ ಗಾಡಿಯನ್ನು ಹಸು ತಿಂದ ಕಥೆಯನ್ನೂ ಒಪ್ಪಿಸಿದಳು. "ಅಕ್ಕ, ಸಾಕು," ಎಂದೆ.

"ಸುಮ್ಕೆ ಕುಂತ್ಕಳ್ಲಾ. ಅಸಿ ಕಡ್ಡೀಲಿ ಗಾಡಿ ಮಾಡಿದ್ಯಂತಲ್ಲ, ಅಲ್ಲೇ ಗೊತ್ತಾಯ್ತದೆ ನಿನ್ ಕಸುಬು."

ಮಧು ಎದ್ದು ಹೋಗಿ ಟೀವಿಯ ಸದ್ದು ಕಡಿಮೆ ಮಾಡಿದ. ಕೇಬಲ್ಲು ಬಂದಮೇಲೆ ನಮ್ಮ ಮನೆಯಲ್ಲಿ ಮನುಷ್ಯರ ಮಾತು ಕೇಳಲು ಯಾರಾದರೂ ಹಾಗೆ ಮಾಡಿದ್ದು ಅದೇ ಮೊದಲು. ಅಕ್ಕ ನಿಂಗಮ್ಮನ ಮೆದೆಯಿಂದ ಒಣಕಡ್ಡಿ ಹಿರಿದು ತಂದಳು. ಸರಕ್ಕನೆ ಸಿಪ್ಪೆ ಎಳೆದು, ಒಳಗಿನ ಬೆಂಡನ್ನು ಬೆರಳುದ್ದ ತುಂಡು ಮಾಡಿ, ಸಿಪ್ಪೆಯನ್ನೇ ಮೊಳೆಯಂತೆ ಚುಚ್ಚಿ ಒಂದಕ್ಕೊಂದು ಸೇರಿಸಿದಳು. ಅಪ್ಪನ ಇನ್ನೊಂದು ಕಥೆ ಹೇಳು ಎಂದು ಮಕ್ಕಳು ಕೇಳಿದಾಗಲೆಲ್ಲ, "ಕೈ ಆಡ್ಸಿ, ಯೋಳ್ತೀನಿ" ಎನ್ನುತ್ತಿದ್ದಳು. ಒಂದು ಚಕ್ರಕ್ಕೆ ನನ್ನ ಒಂದು ಅವಮಾನ. ನಾನು ಹುಂಜಕ್ಕೆ ಹೆದರಿ ಅಟ್ಟ ಹತ್ತಿದ್ದು, ಮೂರನೇ ಕ್ಲಾಸಿನಲ್ಲಿ ಬೆಂಚು ಒದ್ದೆ ಮಾಡಿ ಪಕ್ಕದವನ ಮೇಲೆ ಹೇಳಿದ್ದು. ನಾನೂ ಒಂದು ಬೆಂಡು ಕೈಗೆತ್ತಿಕೊಂಡೆ. "ನೀನು ಮುಟ್ಬ್ಯಾಡ, ಸಿಪ್ಪೆ ಎತ್ತಾಕು" ಎಂದಳು ಅಕ್ಕ. ಸಂಜೆಗೆ ಮೂರು ಗಾಡಿ ಆಗಿದ್ದವು. ಟೀವಿಯನ್ನು ಯಾವಾಗ ಆರಿಸಿದೆವೋ ಯಾರಿಗೂ ನೆನಪಿಲ್ಲ.

ಅಕ್ಕ ಸೋಮವಾರ ಹೊರಟುಹೋದಳು. ಮಕ್ಕಳು ಕಡ್ಡಿ ಹಿಡಿದು ನನ್ನ ಮುಂದೆ ಕೂತರು. ಹುಡುಗನಾಗಿದ್ದಾಗ ನಾನು ಕೆರೆ ಈಜಿದ ಸಾಹಸ ಶುರುಮಾಡಿದೆ. ಮಧು ಎದ್ದು ಟೀವಿ ಕಡೆ ನಡೆದ. ತಕ್ಷಣ ಮುಳುಗಿದೆ. ಅವನು ಬಂದು ಕೂತ. ಅಂದಿನಿಂದ ವಾರಕ್ಕೆರಡು ಸಲ ಬೀಳುವುದು, ಅಳುವುದು, ಸಿಕ್ಕಿಬೀಳುವುದು ನನ್ನ ಕೆಲಸವಾಯಿತು. ನಿಜವಾಗಿ ನಡೆದವು ಮೂರು ವಾರಕ್ಕೆ ಮುಗಿದವು. ಗಾಡಿ ಮುಗಿದು ಮಕ್ಕಳು ಬೆಂಡಿನ ಮಂಚ, ಏಣಿ, ಕನ್ನಡಕಗಳಿಗೆ ದಾಟಿದ್ದರು, ನಿಲ್ಲಿಸುವಂತಿರಲಿಲ್ಲ. ಹೊಸ ಅವಮಾನಗಳನ್ನು ನಾನೇ ಕಟ್ಟತೊಡಗಿದೆ. ಚಿಕ್ಕಪ್ಪನ ಮದುವೆಯಲ್ಲಿ ಮಜ್ಜಿಗೆ ಕೊಳಗದೊಳಗೆ ತಲೆಕೆಳಗಾಗಿ ಬಿದ್ದದ್ದು ಅವುಗಳಲ್ಲಿ ಒಂದು. ಆ ಮದುವೆಗೆ ನಾನು ಹೋಗಿಯೇ ಇರಲಿಲ್ಲ. ಜ್ವರ ಬಂದು ಮನೆಯಲ್ಲಿ ಮಲಗಿದ್ದೆ.

ಅಕ್ಕ ಮತ್ತೆ ಬಂದಾಗ ನಾನು ಅಡ್ಡ ಬರುವುದರೊಳಗೆ ಶೋಭಾ ಮಜ್ಜಿಗೆ ಕೊಳಗದ ವಿಷಯ ಕೇಳಿಯೇಬಿಟ್ಟಳು. ಇಷ್ಟು ವಾರಗಳ ಬೆಂಡು, ಸಿಪ್ಪೆ ಎಲ್ಲ ಇನ್ನೊಂದು ಕ್ಷಣದಲ್ಲಿ ಮಣ್ಣುಪಾಲು ಎಂದುಕೊಂಡೆ.

"ಊ ಕಣವ್ವ," ಎಂದಳು ಅಕ್ಕ, ಕಡ್ಡಿಯಿಂದ ಕಣ್ಣೆತ್ತದೆ. "ನಾನೇ ಅಲ್ವಾ ಕಾಲಿಡ್ಕಂಡು ಎಳ್ದಿದ್ದು. ಕಿವಿ ಒಳೀಕೆಲ್ಲ ಕರಿಬೇವು ಸಿಕ್ಕಾಕ್ಕಂಡಿತ್ತು. ತಿರ್ಗಾ ಅದೇ ಮಜ್ಜಿಗೇನೆ ಬಡುಸ್ಬುಟ್ರು, ಪಾಪ, ಯಾರ್ಗೂ ಯೋಳ್ಲಿಲ್ಲ."

ಅವಳ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಬೀಳದ ಮಜ್ಜಿಗೆಯಿಂದ ನನ್ನನ್ನು ಎಳೆದು ತೆಗೆದವಳ ಮಾತು ನಂಬಿ, ನಾನು ಐದು ಗಾಡಿಗಳನ್ನು ಬಿಟ್ಟುಕೊಟ್ಟಿದ್ದೆ. ಹಾಗಾದರೆ ಅವನ್ನು ಮಾಡಿದ್ದು ನಾನೇ ಇರಬಹುದಲ್ಲ. ಕೆರೆ ಏರಿ, ಸಾಲು, ಧೂಳು ಎಲ್ಲ ಕಣ್ಣ ಮುಂದೆ ಬಂದವು. ಗಾಡಿ ಮಾಡಿದ್ದು ನಾನೇ ಎಂದು ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಮಧು ಕೈಯಲ್ಲಿ ಅರ್ಧ ಚಕ್ರ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ.

"ಹೌದು ಕಣೋ," ಎಂದೆ, "ಮಜ್ಜಿಗೆ ಬಹಳ ಹುಳಿಯಿತ್ತು."